ಮೂರು ಗಂಟೆಗೆ ಸರಿಯಾಗಿ ಕರ್ತವ್ಯ ಮುಗಿಸಿದ ಯು.ಪಿ.ಎಸ್. ಮಹಾಶಯರಿಗೆ

ಕೊಳ್ಳೇಗಾಲ
24ನೇ ಮಾರ್ಚ್ 2003, ಸೋಮವಾರ

ಮಾನ್ಯರೇ,

ಕಂಪ್ಯೂಟರ್ ಟೇಬಲ್ಲಿನ ಕೆಳಗೆ, ನನ್ನ ಎಡಗಾಲಿನ ಪಕ್ಕದಲ್ಲಿ, ಹಸಿರು ದೀಪ ಹಚ್ಚಿಕೊಂಡು ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ಇದೇ ಅಂಗಡಿಯ ಮಾಲೀಕನೂ, ಪ್ರತಿ ಶುಕ್ರವಾರ ತಮ್ಮ ಬೆನ್ನಿನ ಧೂಳು ಒರೆಸುವವನೂ ಆದ ಶಾಂತಮೂರ್ತಿಯು ಬಗ್ಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂಬುದು ತಮ್ಮ ದೀಪದಿಂದಲೇ ತಿಳಿಯುತ್ತಿದೆ. ಸ್ವಂತ ಕ್ಷೇಮದ ವಿಷಯದಲ್ಲಿ ತಾವು ಒಂದು ದಿನವೂ ಎಡವಿದವರಲ್ಲ, ಮತ್ತು ಈ ಪತ್ರ ಬರೆಯಬೇಕಾಗಿ ಬಂದದ್ದೂ ಅದೇ ಕಾರಣಕ್ಕೆ.

ಒಂದೇ ಕೋಣೆಯಲ್ಲಿ ಬಾಳುವ ಇಬ್ಬರ ನಡುವೆ ಪತ್ರವೇಕೆ, ಅದೂ ಬಹಿರಂಗವಾಗಿ ಅಂಗಡಿಯ ಬಾಗಿಲಿಗೆ ಅಂಟಿಸುವುದೇಕೆ ಎಂದು ತಾವು ಕೇಳಬಹುದು. ಬಾಯಿಮಾತಿನಲ್ಲಿ ನಾನು ಕಳೆದ ಬುಧವಾರ ಮಧ್ಯಾಹ್ನ ಮೂರು ಗಂಟೆ ಒಂದು ನಿಮಿಷಕ್ಕೆ ತಮ್ಮನ್ನು ಉದ್ದೇಶಿಸಿ ಹೇಳಿದ ಮಾತುಗಳನ್ನು ಪಕ್ಕದ ಬಟ್ಟೆ ಅಂಗಡಿಯವರು ಕೇಳಿಸಿಕೊಂಡು ಕಿವಿ ಮುಚ್ಚಿಕೊಂಡರೇ ಹೊರತು ತಾವು ಕೇಳಿಸಿಕೊಂಡ ಸೂಚನೆ ಇಲ್ಲ. ಅಂಥ ಮಾತನ್ನು ಇಪ್ಪತ್ತು ವರ್ಷ ಮಕ್ಕಳಿಗೆ ಟೈಪಿಂಗ್ ಕಲಿಸಿದ ಮೇಷ್ಟ್ರು ಆಡಬಾರದಿತ್ತು. ಆದ್ದರಿಂದ ಸಭ್ಯವಾದ ಭಾಷೆಯಲ್ಲಿ, ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ, ಎರಡು ಪ್ರತಿ ಹೊಡೆದು ನಿವೇದಿಸಿಕೊಳ್ಳುತ್ತಿದ್ದೇನೆ.

ಟೈಪ್‌ರೈಟರೆಂದಾಗ ತಮಗೆ ನಗು ಬರಬಹುದು. ನನ್ನ ಬಳಿ ಏಳು ಇದ್ದವು. ಅವುಗಳನ್ನು ಸುರಕ್ಷಿತವಾಗಿ ಮುಚ್ಚುವ ಕ್ರಮವೆಂದರೆ ರೆಕ್ಸಿನ್ ಹೊದಿಕೆ ಹೊದಿಸಿ ಮನೆಗೆ ಹೋಗುವುದು, ಅಷ್ಟೇ. ಕರೆಂಟು ಹೋದರೆ ಅವುಗಳಿಗೆ ಗೊತ್ತಾಗುತ್ತಲೂ ಇರಲಿಲ್ಲ. ಕಾಲ ಬದಲಾಯಿತೆಂದು ತೊಂಬತ್ತೊಂಬತ್ತರಲ್ಲಿ ಕಂಪ್ಯೂಟರ್ ತಂದೆ; ಅದು ಕರೆಂಟು ಹೋದಾಗಲೆಲ್ಲ ಮೂರ್ಛೆ ಹೋಗಿ, ಎದ್ದ ಮೇಲೆ ತನ್ನ ಹೊಟ್ಟೆಯನ್ನು ತಾನೇ ಅರ್ಧ ಗಂಟೆ ತಪಾಸಣೆ ಮಾಡಿಕೊಳ್ಳುತ್ತಿತ್ತು. ಎರಡು ಸಲ ಅದರ ಡಿಸ್ಕು ಕೆಟ್ಟ ಮೇಲೆ ಮೈಸೂರಿನ ಮೆಕ್ಯಾನಿಕ್ಕು, ತಮ್ಮಂಥವರೊಬ್ಬರು ಇರಲೇಬೇಕೆಂದು ಸಲಹೆ ಕೊಟ್ಟರು. ಕರೆಂಟು ಹೋದೊಡನೆ ತಾವು ತಮ್ಮ ಬ್ಯಾಟರಿಯಿಂದ ಹದಿನೈದು ನಿಮಿಷ ಕಂಪ್ಯೂಟರಿಗೆ ಜೀವ ಕೊಡುತ್ತೀರಿ, ಅಷ್ಟರೊಳಗೆ ತಮಗೂ ಅದಕ್ಕೂ ನಡುವೆ ಕಟ್ಟಿದ ತಂತಿಯ ಮೂಲಕ ಸೂಚನೆ ಕೊಟ್ಟು ಅದನ್ನು ಕ್ರಮವಾಗಿ, ಮರ್ಯಾದೆಯಿಂದ ಮುಚ್ಚಿಸುತ್ತೀರಿ ಎಂದು ಅವರು ವಿವರಿಸಿದಾಗ, ಇಷ್ಟು ಜವಾಬ್ದಾರಿಯುಳ್ಳವರು ನಮ್ಮ ತಾಲ್ಲೂಕಿನಲ್ಲಿ ಇನ್ಯಾರಿದ್ದಾರೆ ಎಂದು ನನಗೆ ಕಣ್ಣು ತುಂಬಿ ಬಂದಿತು.

ತಾವು ಬಂದದ್ದು ಹೋದ ವರ್ಷದ ಕಾರ್ತಿಕ ಸೋಮವಾರ. ನನ್ನ ಧರ್ಮಪತ್ನಿ ಶಿವರತ್ನಮ್ಮ ತಮಗೆ ವಿಭೂತಿ ಹಚ್ಚಿ, ಚೆಂಡುಹೂ ಮುಡಿಸಿ, ಕರ್ಪೂರ ಬೆಳಗಿದ ಮೇಲೆಯೇ ಪ್ಲಗ್ಗು ಹಾಕಿದ್ದು. ಮೆಕ್ಯಾನಿಕ್ಕು ಎಲ್ಲವನ್ನೂ ಜೋಡಿಸಿ, "ಈಗ ಪ್ಲಗ್ ಎಳೆದು ಟೆಸ್ಟ್ ಮಾಡೋಣ ಸಾರ್" ಎಂದಾಗ ಆಕೆ, ಪೂಜೆ ಮಾಡಿ ಒಳ್ಳೆ ಗಳಿಗೆಯಲ್ಲಿ ಹಾಕಿದ್ದನ್ನು ಅದೇ ದಿನ ಕೀಳುವುದುಂಟೇ ಎಂದು ಅಡ್ಡ ನಿಂತಳು. ನಾನೂ ಅವಳ ಪರವೇ ನಿಂತೆ. ಹೇಗೂ ಕರೆಂಟು ತಾನಾಗಿ ಹೋಗುತ್ತದೆ, ಆಗ ನೋಡಿಕೊಳ್ಳೋಣ ಎಂದು ಮೂವರೂ ಕಾಫಿ ಕುಡಿಯುತ್ತ ಕುಳಿತೆವು. ಆ ದಿನ ಕರೆಂಟು ಹೋಗಲೇ ಇಲ್ಲ. ನಾಲ್ಕು ಲೋಟ ಕಾಫಿ ಕುಡಿದ ಮೆಕ್ಯಾನಿಕ್ಕು ಮೈಸೂರಿನ ಬಸ್ಸು ತಪ್ಪೀತೆಂದು ಎದ್ದು ಹೋದರು. ಹೀಗೆ ತಾವು ಯಾವ ಪರೀಕ್ಷೆಯನ್ನೂ ಬರೆಯದೆ ಕೆಲಸಕ್ಕೆ ಸೇರಿದಿರಿ. ಇದರಲ್ಲಿ ತಮ್ಮ ತಪ್ಪಿಲ್ಲ, ನಮ್ಮ ಕಡೆ ಅದಕ್ಕೆ ಬೇಕಾದಷ್ಟು ಪೂರ್ವೋದಾಹರಣೆಗಳಿವೆ.

ಮೆಕ್ಯಾನಿಕ್ಕು ತಮಗೆ ಕೊಟ್ಟಿದ್ದ ಆಜ್ಞೆ, ಕರೆಂಟು ಹೋಗಿ ಎರಡು ನಿಮಿಷವಾದರೆ ಕಂಪ್ಯೂಟರನ್ನು ಮುಚ್ಚಿಸಿ ಎಂಬುದು. ಅವರು ಮೈಸೂರಿನವರು, ಪಾಪ. ಹನೂರಿನ ಕಡೆ ಗಾಳಿ ಬೀಸಿ ಒಂದು ಕೊಂಬೆ ತಂತಿಗೆ ತಗುಲಿದರೆ ಇಲ್ಲಿ ನಮ್ಮ ಬೀದಿಯ ಕರೆಂಟು ಮೂರು ನಿಮಿಷ ಕಣ್ಣುಮುಚ್ಚುತ್ತದೆ ಎಂಬುದು ಅವರಿಗೇನು ಗೊತ್ತು? ಮೊದಲ ವಾರದಲ್ಲೇ ತಾವು ದಿನಕ್ಕೆ ಎಂಟು ಸಲ ಕಂಪ್ಯೂಟರನ್ನು ಮರ್ಯಾದೆಯಿಂದ ಮುಚ್ಚಿಸಿದಿರಿ, ನಾನು ಎಂಟು ಸಲ ತೆರೆದೆ, ಒಂದು ಲಗ್ನಪತ್ರಿಕೆ ಮುಗಿಸಲು ಮೂರು ದಿನ ಹಿಡಿದು ವರನ ಕಡೆಯವರು ಬಂದು ಕೂಗಾಡಿದರು. ಆಗ ನಾನು ತಮ್ಮ ಸಾಫ್ಟ್‌ವೇರನ್ನು ತೆರೆದು ಒಂದೊಂದೇ ಪುಟ ಓದಿದೆ. ಅದರಲ್ಲಿ, ಇಂಥ ವೇಳೆಗೆ ಮುಚ್ಚಿಸಿ ಎಂದು ಗಂಟೆ ನಿಗದಿ ಮಾಡುವ ಒಂದು ಪುಟವಿತ್ತು. ನನ್ನ ಬುದ್ಧಿ ಚುರುಕಾದದ್ದು ಅಲ್ಲೇ.

ಏಕೆಂದರೆ ಜನವರಿಯಿಂದ ವಿದ್ಯುತ್ ಕಚೇರಿಯವರು ಲೋಡ್‌ಶೆಡ್ಡಿಂಗ್ ವೇಳಾಪಟ್ಟಿ ಅಂಟಿಸಿದ್ದರು: ಬೆಳಿಗ್ಗೆ ಹತ್ತರಿಂದ ಹನ್ನೆರಡು, ಮಧ್ಯಾಹ್ನ ಮೂರರಿಂದ ಐದು. ಇಷ್ಟು ಸ್ಪಷ್ಟವಾಗಿ ಸರ್ಕಾರವೇ ಬರೆದು ಕೊಟ್ಟ ಮೇಲೆ, ಕರೆಂಟು ಹೋಗುವುದನ್ನು ಕಾದು ಕೂರುವುದೇಕೆ? ಎರಡು ನಿಮಿಷದ ಆಜ್ಞೆಯನ್ನು ಅಳಿಸಿದೆ. ಸರ್ಕಾರಿ ವೇಳಾಪಟ್ಟಿಯನ್ನೇ ತಮಗೆ ಬರೆದುಕೊಟ್ಟೆ: ಹತ್ತಕ್ಕೊಮ್ಮೆ, ಮೂರಕ್ಕೊಮ್ಮೆ, ಯಾರು ಏನೇ ಮಾಡುತ್ತಿರಲಿ, ಎಲ್ಲವನ್ನೂ ಬಲವಂತವಾಗಿ ಮುಚ್ಚಿಸಿ ಕಂಪ್ಯೂಟರನ್ನು ಕಾಪಾಡುವುದು. ನಾನಂತೂ ಟೈಪಿಂಗ್ ಶಾಲೆಯ ಶಿಸ್ತಿನವನು, ಪ್ರತಿದಿನ ಒಂಬತ್ತೂ ಐವತ್ತಕ್ಕೂ ಎರಡೂ ಐವತ್ತಕ್ಕೂ ನಾನೇ ಮುಚ್ಚಿ ಹೊದಿಕೆ ಹೊದಿಸುತ್ತಿದ್ದುದರಿಂದ ತಮಗೆ ತಮ್ಮ ದಕ್ಷತೆ ತೋರಿಸುವ ಸಂದರ್ಭವೇ ಬರಲಿಲ್ಲ. ಎರಡು ತಿಂಗಳಲ್ಲಿ ನಾನು ಆ ಆಜ್ಞೆಯನ್ನು ಪೂರ್ತಿ ಮರೆತೆ. ತಾವು ಮರೆಯಲಿಲ್ಲ.

ಈಗ ಸದಾಶಿವಪ್ಪನವರ ವಿಷಯಕ್ಕೆ ಬರುತ್ತೇನೆ. ತಮ್ಮ ಎದುರಿನ ಸ್ಟೂಲಿನ ಮೇಲೆ ಒಂಬತ್ತು ದಿನ ಕುಳಿತಿದ್ದ, ಮೊಣಕಾಲ ಮೇಲೆ ಕೈ ಬಡಿಯುತ್ತ ಎಣಿಸುತ್ತಿದ್ದ ವೃದ್ಧರು ಅವರೇ. ಎಪ್ಪತ್ತೊಂದು ವರ್ಷ. ಐವತ್ತು ವರ್ಷ ಇದೇ ಊರಿನಲ್ಲಿ ರೇಷ್ಮೆ ಸೀರೆ ನೇಯ್ದವರು. ಪ್ರಾಯದಲ್ಲಿ ಅವರು ತಾವಾಗಿ ಕಲ್ಪಿಸಿ ನೇಯ್ದ ಹುಣಿಸೆ ಚಿಗುರಿನ ಅಂಚು ಎಂಬುದೊಂದಿತ್ತು. ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ತಿಳಿಸುವ, ತೂತು ಹೊಡೆದ ಅದರ ರಟ್ಟುಗಳನ್ನು ಮಗ್ಗದ ಜೊತೆಗೆ ಅಟ್ಟದ ಮೇಲೆ ಇಟ್ಟಿದ್ದರು, ಗೆದ್ದಲು ತಿಂದವು. ಸೀರೆಗಳು ಯಾರ್‍ಯಾರ ಮನೆಯ ಪೆಟ್ಟಿಗೆ ಸೇರಿದವೋ ಯಾರಿಗೂ ಗೊತ್ತಿಲ್ಲ. ಆ ಅಂಚು ಈಗ ಇರುವುದು ಅವರ ತಲೆಯಲ್ಲಿ ಮಾತ್ರ: ಮುನ್ನೂರ ಹನ್ನೆರಡು ಸಾಲು, ಪ್ರತಿ ಸಾಲಿನಲ್ಲಿ ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಎಂಬ ಎಣಿಕೆ.

ಎಡಗಣ್ಣು ಅವರಿಗೆ ಆಗಲೇ ಹೋಗಿದೆ. ಬಲಗಣ್ಣಿಗೆ ಪೊರೆ ಬಂದು ಎದುರಿಗಿರುವ ಮನುಷ್ಯ ನೆರಳಿನ ಹಾಗೆ ಕಾಣುತ್ತಾನೆ. ಯಳಂದೂರಿನಲ್ಲಿ ಕಣ್ಣಿನ ಶಿಬಿರ ನಡೆಯುವುದಿತ್ತು, ಇಪ್ಪತ್ತನೇ ತಾರೀಖು ಬೆಳಿಗ್ಗೆ ಆರಕ್ಕೆ ನಮ್ಮ ಬಸ್ ನಿಲ್ದಾಣದಿಂದ ವ್ಯಾನು, ಅದರಲ್ಲಿ ಇವರ ಹೆಸರು ಹನ್ನೊಂದನೆಯದು. ಅವರಿಗಿದ್ದದ್ದು ಒಂದೇ ಭಯ. "ಪೊರೆ ಕೀಳುವಾಗ ಅದರ ಜೊತ್ಗೆ ಎಣಿಕೆನೂ ಕಿತ್ಕಬುಟ್ರೆ ಏನ್ ಮಾಡ್ಲಿ ಮೇಷ್ಟ್ರೆ? ಕಣ್ಣಿಂದ್ಲೇ ಅಲ್ವಾ ನಾ ಎಣಿಸ್ದೋನು?" ಎಂದು ಕೇಳಿಕೊಂಡು ನನ್ನ ಅಂಗಡಿಗೆ ಬಂದರು. ಆಪರೇಷನ್ನಿಗೆ ಮೊದಲು ಅಂಚು ಎಲ್ಲಾದರೂ ಬರಹದಲ್ಲಿ ಕೂರಬೇಕೆಂಬುದು ಅವರ ಹಟ. ಒಂದು ಚೌಕಳಿ ಕಾಗದ ತಂದಿದ್ದರು. ನಾನು, ಮಹಾ ಬುದ್ಧಿವಂತ, ಆ ಕಾಗದವನ್ನು ಬದಿಗೆ ಸರಿಸಿ, ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ ಸ್ವಾಮೀ, ಕಂಪ್ಯೂಟರಿಗೆ ಹಿಡಿಯುವುದಿಲ್ಲ ಎಂದೆ.

ಮಾರ್ಚ್ ಹತ್ತರಿಂದ ಶುರುವಾಯಿತು. ಚಿತ್ರ ಬಿಡಿಸುವ ಪುಟವನ್ನು ತೆರೆದು, ಒಂದು ಎಳೆಗೆ ಒಂದು ಚುಕ್ಕೆಯಂತೆ ನಾನು ತುಂಬುವುದು, ಅವರು ಕಣ್ಣು ಮುಚ್ಚಿ ಹೇಳುವುದು: "ಏಳು ಬುಡಿ, ಮೂರು ಎತ್ತಿ, ಒಂದು ಬುಡಿ, ಒಂದು ಎತ್ತಿ, ಈಗ ಚಿಗುರು ಬಗ್ತದೆ, ಎರಡು ಬುಡಿ." ಮೊದಲ ದಿನ ನನಗೆ ಬರೀ ಚುಕ್ಕೆ ಕಂಡವು. ನಾಲ್ಕನೇ ದಿನ ಎಲೆ ಕಂಡಿತು. ಹುಣಿಸೆಯ ಎಳೆ ಚಿಗುರು ಹೇಗೆ ಜೋಡಿ ಜೋಡಿಯಾಗಿ ಮಡಚಿಕೊಂಡಿರುತ್ತದೋ ಹಾಗೆಯೇ, ತುದಿಯಲ್ಲಿ ಒಂದು ಮಾತ್ರ ಬಿಚ್ಚಿಕೊಂಡಿತ್ತು. ಸುಳ್ಳೇಕೆ, ನನಗೆ ಮೈ ಜುಮ್ಮೆಂದಿತು. ಅವರಿಗೆ ಪರದೆ ಕಾಣುವುದಿಲ್ಲ. ಬಂದಿದೆಯೇ ಎಂದು ನನ್ನನ್ನೇ ಕೇಳಿದರು, ಬಂದಿದೆ ಎಂದೆ.

ಇನ್ನೊಂದು ವಿಷಯ ತಮಗೆ ತಿಳಿದಿರಲಿ. ತಾವು ಕಾಪಾಡುವ ಆ ಕಂಪ್ಯೂಟರಿನೊಳಗೆ ಅಂಚಿನ ಪ್ರತಿ ಇರಲಿಲ್ಲ. "ನನ್ನಂಚು ಬ್ಯಾರೆವ್ರ ಅಂಗ್ಡೀಲಿ ಮನೀಕಳಾದು ಬ್ಯಾಡ" ಎಂದು ಸದಾಶಿವಪ್ಪನವರು ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದರಿಂದ, ಎಲ್ಲವೂ ಒಂದೇ ಫ್ಲಾಪಿಯಲ್ಲಿತ್ತು. ದಿನಾ ಎರಡೂ ಐವತ್ತಕ್ಕೆ ನಾನದನ್ನು ತೆಗೆದು ಕೊಡುವೆ, ಅವರು ರೇಷ್ಮೆ ತುಂಡಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಹೋಗುವರು, ಮರುದಿನ ಬಿಚ್ಚಿ ಕೊಡುವರು. ಕದ್ದು ಒಂದು ಪ್ರತಿ ಮಾಡಿಟ್ಟುಕೊಳ್ಳಬಹುದಿತ್ತು. ಮಾತು ಕೊಟ್ಟಿದ್ದೆ, ಮಾಡಲಿಲ್ಲ. ಇದಕ್ಕೆ ಈಗಲೂ ಪಶ್ಚಾತ್ತಾಪ ಪಡಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಹತ್ತೊಂಬತ್ತನೇ ತಾರೀಖು ಬುಧವಾರ. ಮರುದಿನ ವ್ಯಾನು. ಎರಡೂವರೆಗೆ ಇನ್ನೂ ಇಪ್ಪತ್ತು ಸಾಲು ಬಾಕಿ. ಆಗ ಲೈನ್‌ಮನ್ ಬಸವಣ್ಣ, ಕಂಬದಿಂದ ಇಳಿದವನು ಹಾಗೆಯೇ, ಬೆವರಿನ ಮುಖದಲ್ಲಿ ಬಾಗಿಲಿಗೆ ಬಂದು ನಿಂತ. ಊರೆಲ್ಲ ಶಾಪ ಹಾಕುವ ಇಲಾಖೆಯ ಮನುಷ್ಯ. ಅವನಿಗೆ ಯಾರು ಹೇಳಿದ್ದರೋ, "ಇವತ್ತು ನಾಕ್ ಗಂಟೆಗಂಟ ಕರೆಂಟು ತಗ್ಯಾಕಿಲ್ಲ ಸಾ, ಸಬ್‌ಸ್ಟೇಸನ್‌ಗೆ ಯೋಳಿವ್ನಿ. ಅಜ್ಜಂದು ಮುಗಿಸ್ಕಳಿ" ಎಂದು ಹೇಳಿ, ಒಂದು ಲೋಟ ನೀರು ಕುಡಿದು ಹೊರಟುಹೋದ. ಜನವರಿಯಿಂದ ಮೊದಲ ಬಾರಿಗೆ ಕೊಳ್ಳೇಗಾಲದ ವಿದ್ಯುತ್ತು ಒಬ್ಬ ಮನುಷ್ಯನ ಮುಖ ನೋಡಿ ಹೋಗದೆ ಉಳಿಯಿತು. ನಾನೂ ಎರಡೂ ಐವತ್ತರ ಶಿಸ್ತನ್ನು ಪಕ್ಕಕ್ಕಿಟ್ಟೆ. ಇಬ್ಬರೂ ಓಟ ಹಿಡಿದೆವು.

ಎರಡೂ ಐವತ್ತೆಂಟಕ್ಕೆ ಪರದೆಯ ಮೇಲೆ ಒಂದು ಇಂಗ್ಲಿಷ್ ಪೆಟ್ಟಿಗೆ ಬಂದಿತು. ನನ್ನ ಬಾಯಲ್ಲಿ ಮುನ್ನೂರ ಆರನೇ ಸಾಲಿನ ಎಣಿಕೆ ಇತ್ತು, ಓದಲಿಲ್ಲ, ಓಕೆ ಒತ್ತಿದೆ. ಮುನ್ನೂರ ಏಳು ಮುಗಿಯಿತು. ಜೋಪಾನವಾಗಿರಲೆಂದು ಸೇವ್ ಒತ್ತಿದೆ. ಫ್ಲಾಪಿಯ ಕೆಂಪು ದೀಪ ಹತ್ತಿ ಅದು ಗೊರಗೊರ ಎನ್ನುತ್ತಿರುವಾಗಲೇ ಗೋಡೆ ಗಡಿಯಾರ ಮೂರು ಹೊಡೆಯಿತು. ತಾವು ಎದ್ದಿರಿ.

ಫ್ಯಾನು ತಿರುಗುತ್ತಿತ್ತು. ಟ್ಯೂಬ್‌ಲೈಟು ಉರಿಯುತ್ತಿತ್ತು. ಎದುರು ಹೋಟೆಲಿನ ರೇಡಿಯೊ ಹಾಡುತ್ತಿತ್ತು. ಇಡೀ ತಾಲ್ಲೂಕಿನಲ್ಲಿ ಕರೆಂಟಿದ್ದಾಗ ನನ್ನ ಕಂಪ್ಯೂಟರೊಂದೇ ಕಪ್ಪಾಗಿ, ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ, ಈಗ ತಮ್ಮ ಕಂಪ್ಯೂಟರನ್ನು ಆರಿಸುವುದು ಸುರಕ್ಷಿತ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿತು. "ಯಾಕ್ ಮೇಷ್ಟ್ರೆ ಸುಮ್ಕಾದ್ರಿ? ಏನ್ ಬರ್ದದೆ?" ಎಂದು ಸದಾಶಿವಪ್ಪನವರು ಕೇಳಿದರು. ಎಲ್ಲ ಸುರಕ್ಷಿತವಾಗಿದೆ ಎಂದು ಬರೆದಿದೆ ಎಂದೆ. "ಸರಿ ಮತ್ತೆ, ಮುನ್ನೂರೆಂಟ್ನೇ ಸಾಲು" ಎಂದು ಅವರು ಮತ್ತೆ ಕಣ್ಣು ಮುಚ್ಚಿಕೊಂಡರು. ಅವರಿಗೆ ನಿಜ ಹೇಳಲು ನನಗೆ ಹತ್ತು ನಿಮಿಷ ಬೇಕಾಯಿತು.

ಬರೆಯುವುದು ಅರ್ಧಕ್ಕೆ ನಿಂತ ಫ್ಲಾಪಿಯಲ್ಲಿ ಅಂಚಿನ ಹೆಸರು ಉಳಿದಿದೆ. ಹೆಸರಿನ ಮುಂದೆ ಗಾತ್ರ ಸೊನ್ನೆ. ಮೈಸೂರಿನ ಮೆಕ್ಯಾನಿಕ್ಕಿಗೆ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿ ಎಲ್ಲ ವಿವರಿಸಿದರೆ ಅವರು ಬಹಳ ಸಂತೋಷಪಟ್ಟರು. "ಅಂದ್ರೆ ಯು.ಪಿ.ಎಸ್. ಪರ್ಫೆಕ್ಟ್ ಆಗಿ ಕೆಲ್ಸ ಮಾಡ್ತಾ ಇದೆ ಸಾರ್, ಟೆಸ್ಟ್ ಆದಂಗೂ ಆಯ್ತು" ಎಂದರು. ಹೌದು, ಆಯಿತು. ತಾವು ಪಾಸು. ಕಂಪ್ಯೂಟರಿಗೆ ಒಂದು ಗೀರೂ ಬಿದ್ದಿಲ್ಲ. ಅದರೊಳಗಿನ ಕಾರ್ಡು ಆಟ, ಗಣಿ ಹುಡುಕುವ ಆಟ, ಹೋದ ವರ್ಷದ ಲಗ್ನಪತ್ರಿಕೆಗಳು, ಎಲ್ಲವೂ ಇದ್ದ ಹಾಗೆಯೇ ಇವೆ. ತಮ್ಮ ಸುರಕ್ಷತೆಯ ಪಟ್ಟಿಯಲ್ಲಿ ಇಲ್ಲದೇ ಹೋದದ್ದು ಮುನ್ನೂರ ಏಳು ಸಾಲು ಮಾತ್ರ, ಅದನ್ನು ಹೇಳುವಾಗ ಒಬ್ಬ ಮುದುಕರು ಮೊಣಕಾಲು ಬಡಿದುಕೊಂಡ ಒಂಬತ್ತು ದಿನ ಮಾತ್ರ.

ಗುರುವಾರ ಬೆಳಿಗ್ಗೆ ಆರಕ್ಕೆ ವ್ಯಾನು ಹೊರಟಿತು. ಹನ್ನೊಂದನೆಯ ಸೀಟು ಖಾಲಿ. ಒಂಬತ್ತಕ್ಕೆ ನಾನು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಸದಾಶಿವಪ್ಪನವರು ಜಗಲಿಯ ಮೇಲೆ ಕುಳಿತಿದ್ದರು, ಮಡಿಲಲ್ಲಿ ಅದೇ ಚೌಕಳಿ ಕಾಗದ. ಅವರ ಹಿಂದೆಯೇ ಸೊಸೆ ಚಾಮುಂಡಮ್ಮ ಬಂದಳು. ಮುಂದಿನ ಶಿಬಿರ ಇರುವುದು ಕಾರ್ತಿಕಕ್ಕೆ, ಎಂಟು ತಿಂಗಳಿಗೆ. ಅಷ್ಟರೊಳಗೆ ಆ ಕಣ್ಣು ಏನಾಗುತ್ತದೋ ಹೇಳಲಾಗದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರಂತೆ. "ನಿಮ್ ಡಬ್ಬ ಚೆಂದಾಗದಲ್ಲ ಸಾ, ಅಷ್ಟ್ ಸಾಕು ಬುಡಿ" ಎಂದು ಅವಳು ನನ್ನ ಮುಖಕ್ಕೇ ಹೇಳಿದಳು. ಬಯ್ಯಲಿಲ್ಲ, ಕೂಗಲಿಲ್ಲ. ಮಾವನನ್ನು ಒಂದು ಮಾತು ಕರೆದಳು, ಅವರು ಏಳಲಿಲ್ಲ, ಬುತ್ತಿಯ ಡಬ್ಬಿಯನ್ನು ಅವರ ಪಕ್ಕದಲ್ಲಿಟ್ಟು ಹೋದಳು. ನನಗೆ ನಾಚಿಕೆಯಾಯಿತು ಮಾನ್ಯರೇ. ಇಪ್ಪತ್ತು ವರ್ಷದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ತಮಗೆ ಆ ವೇಳಾಪಟ್ಟಿ ಬರೆದುಕೊಟ್ಟವನು ನಾನೇ ಎಂದು ತಾವು ನೆನಪಿಸಬಹುದು, ನ್ಯಾಯವಾಗಿಯೇ. ಕರೆಂಟಿನವರು ಹೇಳಿದ ಹೊತ್ತಿಗೆ ಸರಿಯಾಗಿ ಕರೆಂಟು ತೆಗೆದೇ ತೆಗೆಯುತ್ತಾರೆ ಎಂದು ಅಷ್ಟು ದೃಢವಾಗಿ ನಂಬಿದ್ದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅವರಲ್ಲೊಬ್ಬ ಕಂಬ ಇಳಿದು ಬಂದು ದಯೆ ತೋರಿಸಬಹುದು ಎಂಬುದಕ್ಕೆ ನಾನು ತಮ್ಮ ಪುಟದಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ. ಬಸವಣ್ಣ ಆವತ್ತಿನಿಂದ ನಮ್ಮ ಬೀದಿಗೆ ಬಂದರೆ ತಲೆ ತಗ್ಗಿಸಿಕೊಂಡು ಹೋಗುತ್ತಾನೆ, ತಾನೇ ಏನೋ ತಪ್ಪು ಮಾಡಿದವನ ಹಾಗೆ. ಅದನ್ನು ನೋಡಿದಾಗ ತಮ್ಮ ಮೇಲೆ ಸಿಟ್ಟು ಇನ್ನೂ ಏರುತ್ತದೆ. ನನ್ನ ಮೇಲೆ ನಾನೇ ಎಷ್ಟೆಂದು ಸಿಟ್ಟಾಗಲಿ?

ಆದಕಾರಣ ತಮ್ಮಲ್ಲಿ ಕೆಲವು ಪ್ರಾರ್ಥನೆಗಳಿವೆ, ಮನ್ನಿಸಿ ನಡೆಸಿಕೊಡಬೇಕು. ತಮ್ಮ ಸಮಯಪ್ರಜ್ಞೆ ನನ್ನ ಅಂಗಡಿಗೆ ಹೆಚ್ಚಾಯಿತು; ಬೆಳಿಗ್ಗೆ ಹತ್ತೂವರೆಯಾದರೂ ಕುರ್ಚಿ ಖಾಲಿ ಇರುವ ಕಚೇರಿಗಳು ಊರಿನಲ್ಲಿ ಅನೇಕವಿದ್ದು, ತಾವು ಅಲ್ಲಿಗೆ ಎರವಲು ಸೇವೆಯ ಮೇಲೆ ಹೋಗಬಹುದು. ಎದುರು ಹೋಟೆಲಿನ ರೇಡಿಯೊವನ್ನು ಬಲವಂತವಾಗಿ ಮುಚ್ಚಿಸುವ ಅಧಿಕಾರವನ್ನೂ ತಮಗೆ ಈ ಮೂಲಕ ವಹಿಸಿಕೊಡುತ್ತೇನೆ. ಇವೆರಡೂ ಆಗದಿದ್ದರೆ ಬೇಡ. ಆದರೆ ತಮ್ಮ ಬ್ಯಾಟರಿಯಲ್ಲಿ ಹದಿನೈದು ನಿಮಿಷದ ಬೆಳಕು ಸದಾ ಸಂಗ್ರಹದಲ್ಲಿದೆ ಎಂದು ಡಬ್ಬಿಯ ಮೇಲೆ ಅಚ್ಚಾಗಿದೆಯಲ್ಲ, ಅದನ್ನು ದಯವಿಟ್ಟು ಎಂಟು ತಿಂಗಳಿಗೆ ಹಂಚಿ, ದಿನಕ್ಕಿಷ್ಟು ಎಂದು, ಸದಾಶಿವಪ್ಪನವರ ಬಲಗಣ್ಣಿಗೆ ತಲುಪಿಸುವ ವ್ಯವಸ್ಥೆ ಮಾಡಿ. ಅದಕ್ಕೆ ಬೇಕಾದ ತಂತಿ ಯಾವುದೆಂದು ತಿಳಿಸಿದರೆ ನಾನು ಮೈಸೂರಿಗೆ ಹೋಗಿ ತರುತ್ತೇನೆ, ಪೂಜೆಯನ್ನೂ ಮಾಡಿಸುತ್ತೇನೆ, ಈ ಸಲ ಪ್ಲಗ್ಗನ್ನೂ ಎಳೆದು ನೋಡುತ್ತೇನೆ.

ಸದ್ಯಕ್ಕೆ ತಮ್ಮ ವೇಳಾಪಟ್ಟಿಯನ್ನು ಅಳಿಸಿದ್ದೇನೆ, ಕಂಪ್ಯೂಟರಿಗೆ ರೆಕ್ಸಿನ್ ಹೊದಿಕೆ ಹೊದಿಸಿದ್ದೇನೆ. "ಆ ಪೆಟ್ಗೆ ಬ್ಯಾಡಿ ಮೇಷ್ಟ್ರೆ, ಸೀಸದಕಡ್ಡಿ ತಕಳಿ" ಎಂದು ಸದಾಶಿವಪ್ಪನವರ ಅಪ್ಪಣೆಯಾಗಿದೆ. ಪೆನ್ಸಿಲನ್ನು ಸುರಕ್ಷಿತವಾಗಿ ಮುಚ್ಚುವ ಕ್ರಮವೆಂದರೆ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುವುದು ಎಂದು ತಮ್ಮ ಅವಗಾಹನೆಗೆ ತರುತ್ತ, ತಮ್ಮ ಹಸಿರು ದೀಪ ನೂರು ಕಾಲ ಬೆಳಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಕೆ. ಶಾಂತಮೂರ್ತಿ
(ಟೈಪಿಂಗ್ ಮೇಷ್ಟ್ರು, ಪುನಃ)

ಮರೆತ ಮಾತು: ಇಷ್ಟು ಹೊಡೆದು ಮುಗಿಸಿ, ಕಾಗದವನ್ನು ಯಂತ್ರದಿಂದ ತೆಗೆದು, ಸದಾಶಿವಪ್ಪನವರ ಎದುರು ಪೆನ್ಸಿಲು ಹಿಡಿದು ಕುಳಿತದ್ದು ಎರಡೂವರೆಗೆ. ಮೂರಕ್ಕೆ ಸರಿಯಾಗಿ ಕರೆಂಟು ಹೋಯಿತು, ಇವತ್ತು ಯಾರ ದಯೆಯೂ ಇರಲಿಲ್ಲ. ಅಂಗಡಿಯ ಒಳಗೆ ಕಿಟಕಿ ಇಲ್ಲದ್ದರಿಂದ ನನಗೆ ಚೌಕಗಳು ಕಾಣದಾದವು, ತಾವು ಟೇಬಲ್ಲಿನ ಕೆಳಗೆ ಒಂದೇ ಸಮನೆ ಕೂಗತೊಡಗಿದಿರಿ. ಅದೇನು ಅರಚುತ್ತಿರುವುದು ಎಂದು ಸದಾಶಿವಪ್ಪನವರು ಕೇಳಿದರು. ಕರೆಂಟು ಹೋಗಿ ಕತ್ತಲಾಗಿದೆಯಂತೆ, ಯು.ಪಿ.ಎಸ್. ಗಾಬರಿಯಾಗಿದೆ ಎಂದೆ. "ಅದ್ಕೆ ಒಸ್ದಾಗಿರ್ಬೇಕು ಕತ್ಲೆ" ಎಂದು ಅವರು ನನ್ನ ಕುರ್ಚಿಯನ್ನು ಬಾಗಿಲ ಬೆಳಕಿಗೆ ಎಳೆದುಕೊಳ್ಳುವಂತೆ ನನಗೆ ಕೈ ಮಾಡಿ, ಕಣ್ಣು ಮುಚ್ಚಿ, ಮೊಣಕಾಲು ಬಡಿದರು. "ಎಪ್ಪತ್ತೆಂಟ್ನೇ ಸಾಲು ಬರ್ಕಳಿ ಮೇಷ್ಟ್ರೆ. ಏಳು ಬುಡಿ, ಮೂರು ಎತ್ತಿ."